ಹನ್ನೆರಡು ಕಾಯಿ ಕೊಸರು

ಪೀಣ್ಯದ ಪಕ್ಕದ ನೆಲಗದರನಹಳ್ಳಿಯಲ್ಲಿ ಮಾರಕ್ಕ ಎಂಬ ಹೆಂಗಸಿದ್ದಳು. ತರಕಾರಿ ಬೆಳೆದು, ಬುಟ್ಟಿಯಲ್ಲಿ ಹೊತ್ತು ಮಾರಿ ಸಂಸಾರ ತೂಗಿಸಿದವಳು. ಅವಳ ಬಗ್ಗೆ ಯಾರನ್ನು ಕೇಳಿದರೂ ಮೊದಲು ಹೇಳುತ್ತಿದ್ದದ್ದು ಅವಳ ಕೊಸರಿನ ಕೈಯನ್ನು. ಬದನೆಕಾಯಿ ತೂಗಿ ಸೆರಗಿಗೆ ಸುರಿದ ಮೇಲೆ ಇನ್ನೊಂದು ಬದನೆ ಮೇಲೆ ಬೀಳಲೇಬೇಕು. ಸೊಪ್ಪು ಕೊಂಡರೆ ಒಂದು ಹಿಡಿ ಕರಿಬೇವು, ಹಸಿಮೆಣಸಿನಕಾಯಿ ಕೊಂಡರೆ ಒಂದು ಚೂರು ಶುಂಠಿ. ಬೇಡ ಅಂದರೂ ಹಾಕುವಳು. ಅದನ್ನು ಹಾಕಿಯಾದ ಮೇಲೆಯೇ ಅವಳ ಮನಸ್ಸಿಗೆ ವ್ಯಾಪಾರ ಮುಗಿದಂತೆ.

ಇದನ್ನು ಕಲಿಸಿದವಳು ಅವಳ ಅತ್ತೆ. ತಕ್ಕಡಿಯ ಮುಳ್ಳು ಎಂದಾದರೊಂದು ದಿನ ನಮ್ಮ ಕಡೆ ವಾಲಿರುತ್ತದೆ, ನಮಗೆ ಗೊತ್ತೇ ಆಗಿರುವುದಿಲ್ಲ, ಆ ಪಾಪ ಕೊಸರಿನಲ್ಲಿ ಕಳೆಯುತ್ತದೆ ಎಂದು ಆಕೆ ಹೇಳುತ್ತಿದ್ದಳು. ಮಾರಕ್ಕ ಮದುವೆಯಾಗಿ ಬಂದಾಗ ಈ ಮನೆಯವರಿಗೆ ನಾಲ್ಕು ಎಕರೆ ಹೊಲವಿತ್ತು. ಎಪ್ಪತ್ತರ ದಶಕದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯುತ್ತಾ ಬಂದು ಅದರಲ್ಲಿ ಮುಕ್ಕಾಲು ಪಾಲು ಹೋಯಿತು. ಜಮೀನು ಕೊಟ್ಟವರ ಮನೆಗೊಂದು ಕೆಲಸ ಎಂದು ಯಾರೋ ಹೇಳಿದ್ದನ್ನು ನಂಬಿ ಅವಳ ಗಂಡ ಮುನಿಯಣ್ಣ ಎಷ್ಟೋ ಗೇಟುಗಳ ಮುಂದೆ ನಿಂತು ಬಂದ. ಎಲ್ಲ ಕಡೆಯೂ ಎಷ್ಟು ಓದಿದ್ದೀಯ ಎಂದು ಕೇಳಿದರು. ಕೊನೆಗೆ ಅವನು ಹೋಗುವುದನ್ನೇ ಬಿಟ್ಟು, ಮೋರಿಯ ಪಕ್ಕ ಉಳಿದಿದ್ದ ಒಂದೆಕರೆಯಲ್ಲಿ ಗುದ್ದಲಿ ಹಿಡಿದ. ಬೆಳೆದದ್ದನ್ನು ಮಾರುವುದು ಮಾರಕ್ಕನ ಪಾಲಿಗೆ ಬಂತು.

ಅವಳ ಗಿರಾಕಿಗಳೆಲ್ಲ ಒಂದು ದೊಡ್ಡ ಸರ್ಕಾರಿ ಫ್ಯಾಕ್ಟರಿಯ ಕ್ವಾರ್ಟರ್ಸಿನವರು. ಒಂದೇ ಥರದ ಮನೆಗಳು, ಮನೆಯ ಮುಂದೆ ಕನಕಾಂಬರ, ತಂತಿಯ ಮೇಲೆ ನೀಲಿ ಸಮವಸ್ತ್ರ. ಅಲ್ಲಿ ಮೂರನೇ ಸಾಲಿನಲ್ಲಿದ್ದ ವತ್ಸಲಮ್ಮ ಅವಳ ಖಾಯಂ ಗಿರಾಕಿ. ಚೌಕಾಸಿ ಮಾಡದೆ ತೆಗೆದುಕೊಳ್ಳುವ ಹೆಂಗಸು. ಆದರೆ ಕೊಸರು ಹಾಕುವುದು ಒಂದು ಗಳಿಗೆ ತಡವಾದರೆ ಮೊರವನ್ನು ಹಾಗೇ ಚಾಚಿಕೊಂಡು ನಿಂತಿರುವಳು. ಆಕೆಯ ಗಂಡ ಕೃಷ್ಣಸ್ವಾಮಿ ಅದೇ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ಆಫೀಸರ್. ಹೊರಗಿನಿಂದ ಬರುವ ಮಾಲೆಲ್ಲ ಅವರ ಕೈ ದಾಟಿಯೇ ಒಳಗೆ ಹೋಗಬೇಕು.

ಎಂಬತ್ತೊಂದನೇ ಇಸವಿಯ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕೃಷ್ಣಸ್ವಾಮಿ ಕಾಫಿ ಲೋಟ ಹಿಡಿದು ಜಗಲಿಗೆ ಬಂದರು.

"ಮಾರಕ್ಕ, ಬೂದುಗುಂಬಳ ಬೆಳೀತೀಯಂತಲ್ಲ?"

"ಬಳ್ಳಿ ಹೂ ಬಿಟ್ಟೈತೆ ಸಾಮಿ. ಯಾಕೆ?"

"ಆಯುಧಪೂಜೆಗೆ ನಮಗೆ ಇನ್ನೂರ ನಲವತ್ತು ಕಾಯಿ ಬೇಕು. ಮೆಷಿನ್ನಿಗೊಂದು. ಹೋದ ವರ್ಷ ಒಬ್ಬ ಕಂಟ್ರಾಕ್ಟರು ಕೊಳೆತಿದ್ದು ತಂದು ಸುರಿದ. ನೀನು ಕೊಡೋದಾದರೆ ಆರ್ಡರು ನಿನ್ನ ಹೆಸರಿಗೇ ಮಾಡಿಸ್ತೀನಿ."

ಮಾರಕ್ಕನಿಗೆ ಬುಟ್ಟಿ ತಲೆಗೆ ಎತ್ತಿಕೊಳ್ಳುವುದೂ ಮರೆತುಹೋಯಿತು. ಯಾವ ಗೇಟಿನ ಮುಂದೆ ಗಂಡ ನಿಂತು ನಿಂತು ವಾಪಸ್ಸು ಬಂದಿದ್ದನೋ ಆ ಗೇಟಿನೊಳಗೆ ಈಗ ತನ್ನ ಹೊಲದ ಕಾಯಿ ಹೋಗುತ್ತದೆ. ಟೈಪು ಮಾಡಿದ ಹಾಳೆಗೆ ಅವಳು ಹೆಬ್ಬೆಟ್ಟು ಒತ್ತಿದ ದಿನ ಕೃಷ್ಣಸ್ವಾಮಿ ಅದರಲ್ಲಿದ್ದದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಒಡೆದಿರಬಾರದು, ಮುಷ್ಟಿಗಾತ್ರದ ಎಳೆಕಾಯಿ ತರಬಾರದು. ಹಬ್ಬದ ಹಿಂದಿನ ದಿನ ಸಂಜೆ ನಾಲ್ಕರೊಳಗೆ ಬರಬೇಕು. ಸ್ಟೋರ್ಸಿಗೆ ತಲುಪಿಸಬೇಕು. ಮಾರಕ್ಕ ಎಲ್ಲದಕ್ಕೂ ಹೂಂಗುಟ್ಟಿದಳು. ಅವಳ ಕಿವಿಯಲ್ಲಿ ಉಳಿದದ್ದು ದಿನ ಮತ್ತು ಎಣಿಕೆ, ಅಷ್ಟೆ.

ಆ ವರ್ಷ ಕಾಯಿ ಚೆನ್ನಾಗಿ ಬಿಟ್ಟಿತು. ಮುನಿಯಣ್ಣ ಒಂದೊಂದು ಕಾಯಿಯ ಕೆಳಗೂ ಹುಲ್ಲು ಹಾಸಿ, ನೆಲ ತಾಗದಂತೆ ನೋಡಿಕೊಂಡ. ಹಬ್ಬದ ಹಿಂದಿನ ದಿನ ಮೈದುನ ಚಿನ್ನಪ್ಪ ಎತ್ತಿನ ಗಾಡಿ ಹೂಡಿಕೊಂಡು ಬಂದ. ಗಾಡಿಯ ತುಂಬ ಹುಲ್ಲು ಹಾಸಿ, ಮಾರಕ್ಕನೇ ಕೈಯಾರೆ ಎಣಿಸಿ ಜೋಡಿಸಿದಳು. ಅವರ ಮನೆಯಲ್ಲಿ ಎಣಿಸುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಇಪ್ಪತ್ತಕ್ಕೆ ಬಂದಾಗಲೆಲ್ಲ ಮೈಮೇಲೆ ಬೂದಿ ತುಂಬಿದ, ನೋಡಲು ಲಕ್ಷಣವಾದ ಒಂದು ಕಾಯಿಯನ್ನು ಬೇರೆ ತೆಗೆದಿಟ್ಟಳು. ಇಪ್ಪತ್ತಕ್ಕೊಂದು ಕೊಸರು. ಒಟ್ಟು ಹನ್ನೆರಡಾಯಿತು. ಅವನ್ನು ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ಬೀಳುವಂತೆ ಇಟ್ಟಳು.

ಗೇಟಿಗೆ ಬಂದಾಗ ಎರಡು ಗಂಟೆಯ ಬಿಸಿಲು. ವಾಚ್‌ಮನ್ ಹನುಮಯ್ಯ ಮಾರಕ್ಕನಿಗೆ ಗುರುತಿನವನೇ. ಗಾಡಿ ನೋಡಿ ನಗುತ್ತಾ ಎದ್ದು ಬಂದವನು ಎತ್ತುಗಳ ಮುಂದೆ ಕೈ ಅಡ್ಡ ಹಿಡಿದ.

"ದನ ಒಳಕ್ಕೆ ಬಿಡಂಗಿಲ್ಲ ಮಾರಕ್ಕ. ಇಲ್ಲೇ ಎಣಿಸಿ ಚೀಟಿ ಬರಕೊಡ್ತೀನಿ. ಆಮ್ಯಾಕೆ ಸ್ಟೋರ್ಸಿಗೆ ನೀವೇ ಒತ್ಕೊಂಡೋಗಬೇಕು."

"ಸ್ಟೋರ್ಸು ಎಲ್ಲೈತೆ?"

ಅವನು ತೋರಿಸಿದ. ದೂರದಲ್ಲಿ, ಎರಡು ದೊಡ್ಡ ಶೆಡ್ಡುಗಳ ಆಚೆ, ಒಂದು ತಗಡಿನ ಚಾವಣಿ ಮಿನುಗುತ್ತಿತ್ತು. ಚಿನ್ನಪ್ಪ ಒಮ್ಮೆ ಅದನ್ನು ನೋಡಿದ, ಒಮ್ಮೆ ಗಾಡಿಯನ್ನು ನೋಡಿದ, ಆಮೇಲೆ ಅತ್ತಿಗೆಯ ಮುಖ ನೋಡಿದ. ಮಾರಕ್ಕ ಗೇಟಿನವರೆಗೆ ತಂದುಕೊಟ್ಟರೆ ಮುಗಿಯಿತು ಎಂದುಕೊಂಡಿದ್ದಳು. ಸ್ಟೋರ್ಸಿಗೆ ಎಂದು ಕೃಷ್ಣಸ್ವಾಮಿ ಹೇಳಿದ್ದು ಈಗ ನೆನಪಿಗೆ ಬಂತು.

ಹನುಮಯ್ಯ ಗಾಡಿಯ ಸುತ್ತ ಸುತ್ತಿ ಎಣಿಸಿದ. ಇನ್ನೊಂದು ಸಲ ಎಣಿಸಿದ. "ಇನ್ನೂರ ಐವತ್ತೆರಡು" ಎಂದು ಬರೆದುಕೊಂಡು ಚೀಟಿ ಹರಿದ.

"ಅದ್ರಾಗೆ ಹನ್ನೆರಡು ಕೊಸರು ಕಣಣ್ಣ. ಅದನ್ನ ಲೆಕ್ಕಕ್ಕೆ ತಗೋಬ್ಯಾಡ."

"ಗೇಟಿಗೆ ಬಂದಿದ್ದೆಲ್ಲ ಬರೀಲೇಬೇಕಮ್ಮ. ಕೊಸರೋ ಪಸರೋ, ನಂಗೆ ಕಾಯಿ ಕಾಯೇ."

ಆ ಚೀಟಿ ಸ್ಟೋರ್ಸಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಕೃಷ್ಣಸ್ವಾಮಿ ತಾವೇ ಗೇಟಿಗೆ ಬಂದರು. ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ ಮುಖವಲ್ಲ ಅದು.

"ಏನಮ್ಮ ಇದು? ಇನ್ನೂರ ನಲವತ್ತು ಅಂತ ತಾನೆ ಹೇಳಿದ್ದು?"

"ಹೌದು ಸಾಮಿ. ಅಷ್ಟೂ ಐತೆ. ಮ್ಯಾಲಿಂದು ಕೊಸರು. ಅದುಕ್ಕೆ ನೀವು ಏನೂ ಕೊಡಂಗಿಲ್ಲ."

"ದುಡ್ಡಿನ ಮಾತಲ್ಲ. ನಾನು ಇದನ್ನ ಒಳಗೆ ತಗೊಳ್ಳೋ ಹಾಗಿಲ್ಲ."

"ಹನ್ನೆರಡನ್ನಾ?"

"ಯಾವುದನ್ನೂ."

ಮಾರಕ್ಕನಿಗೆ ತಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಅನಿಸಿತು. ಕೃಷ್ಣಸ್ವಾಮಿ ಹಣೆ ಒರೆಸಿಕೊಂಡು, ಮಗುವಿಗೆ ಹೇಳುವಂತೆ ಹೇಳಿದರು. "ನೋಡಮ್ಮ. ಮಾಲು ಕೊಡೋದು ಅಂದರೆ ಹೇಳಿದ ಮಾಲು, ಹೇಳಿದ ಜಾಗಕ್ಕೆ, ಹೇಳಿದ ಹೊತ್ತಿಗೆ, ಹೇಳಿದಷ್ಟು. ಹೇಳಿದ್ದಕ್ಕಿಂತ ಜಾಸ್ತಿ ತಂದರೆ ಕೊಳ್ಳೋನು ಅಷ್ಟನ್ನೂ ಬೇಡ ಅನ್ನಬಹುದು. ಇದು ನಾನು ಮಾಡಿದ್ದಲ್ಲ, ಕಾನೂನಲ್ಲೇ ಇದೆ."

"ಎಚ್ಚಿಗೆ ಕೊಟ್ರೆ ಯಾರು ಸಾಮಿ ಬ್ಯಾಡ ಅಂತಾರೆ? ನಿಮ್ಮ ಮನೇಲಿ ವತ್ಸಲಮ್ಮ..."

"ಮನೆ ಬೇರೆ, ಇದು ಬೇರೆ." ಕೃಷ್ಣಸ್ವಾಮಿ ಸುತ್ತ ನೋಡಿ ದನಿ ತಗ್ಗಿಸಿದರು. "ಹೋದ ವರ್ಷ ಒಬ್ಬ ಕಬ್ಬಿಣದ ಸರಳು ಎರಡು ಜಾಸ್ತಿ ಇಳಿಸಿಬಿಟ್ಟು ಹೋದ. ನಾನೂ ಹೋಗಲಿ ಅಂತ ಬಿಟ್ಟೆ. ಆಡಿಟ್‌ನೋರು ಬಂದು, ಈ ಎರಡು ಎಲ್ಲಿಂದ ಬಂತು, ಯಾಕೆ ಕೊಟ್ಟ, ಅವನಿಗೆ ನೀವೇನು ಮಾಡಿಕೊಟ್ಟಿರಿ ಅಂತ ಮೂರು ತಿಂಗಳು ನನ್ನ ಜೀವ ತಿಂದರು."

"ಅಂದ್ರೆ? ಕೊಸರು ಲಂಚಾನಾ?"

"ನಾನು ಹಾಗೆ ಹೇಳಲಿಲ್ಲ."

"ಅವ್ರು ಅಂಗೆ ಅಂದ್ಕೊಂತಾರೆ ಅಂತ ತಾನೆ?"

ಕೃಷ್ಣಸ್ವಾಮಿ ಮತ್ತೆ ಹಣೆ ಒರೆಸಿಕೊಂಡರು. ಮಾರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಎಷ್ಟೋ ಮನೆಗಳ ಮೊರಕ್ಕೆ ಹಾಕಿದ ಬದನೆ, ಕರಿಬೇವು, ಶುಂಠಿಯನ್ನೆಲ್ಲ ಯಾರೋ ಒಮ್ಮೆಗೇ ತಂದು ಮುಖಕ್ಕೆ ಎಸೆದಂತಾಯಿತು. ಗಾಡಿ ತಿರುಗಿಸು ಎಂದು ಚಿನ್ನಪ್ಪನಿಗೆ ಹೇಳಲು ಬಾಯಿ ತೆರೆದವಳು, ಹುಲ್ಲು ಹಾಸುತ್ತಿದ್ದ ಗಂಡನ ಬಾಗಿದ ಬೆನ್ನು ನೆನಪಾಗಿ ಕೃಷ್ಣಸ್ವಾಮಿಯ ಕಡೆಗೇ ತಿರುಗಿದಳು.

"ಸರಿ. ಹನ್ನೆರಡು ಕೆಳಗಿಳಿಸ್ತೀನಿ. ಮಿಕ್ಕಿದ್ದು ತಗೊಳಿ."

ಕೈಯೆತ್ತಿ ಕೊಟ್ಟದ್ದನ್ನು ಅದೇ ಕೈಯಿಂದ ವಾಪಸ್ಸು ತೆಗೆದದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಒಂದೊಂದನ್ನೇ ಇಳಿಸಿ ರಸ್ತೆಯಾಚೆಯ ಹೊಂಗೆಮರದ ಬುಡದಲ್ಲಿಟ್ಟಳು. ಇನ್ನು ಮುಗಿಯಿತು ಎಂದುಕೊಂಡು ಬಂದರೆ ಹನುಮಯ್ಯ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ. ಬರೆದ ಚೀಟಿಯಲ್ಲಿ ಇನ್ನೂರ ಐವತ್ತೆರಡು ಎಂದೇ ಇತ್ತು. ಅದನ್ನು ರದ್ದು ಮಾಡಿ ಹೊಸದು ಬರೆಯಬೇಕಾದರೆ ಸೆಕ್ಯುರಿಟಿ ಆಫೀಸರ ಸಹಿ ಬೇಕು. ಆಫೀಸರು ಪೂಜೆಗೆ ಹೂವಿನ ಹಾರ ತರಲು ಮಲ್ಲೇಶ್ವರಕ್ಕೆ ಹೋಗಿದ್ದರು.

"ಯಾವಾಗ ಬತ್ತಾರೆ?"

"ಬತ್ತಾರೆ, ಈಗ ಬತ್ತಾರೆ."

"ನಾಕು ಗಂಟೆ ಒಡೆದ್ರೆ?"

ಕೃಷ್ಣಸ್ವಾಮಿ ಗಡಿಯಾರ ನೋಡಿಕೊಂಡರು. "ನಾಲ್ಕಾದ ಮೇಲೆ ತಗೊಳ್ಳೋದಕ್ಕೆ ಆಗಲ್ಲಮ್ಮ. ನಾಳೆ ಪೂಜೆಯಷ್ಟೆ, ಸ್ಟೋರ್ಸಿಗೆ ರಜೆ."

"ನಾನು ಎರಡು ಗಂಟೆಗೇ ಬಂದಿವ್ನಲ್ಲ ಸಾಮಿ! ಸೈನು ಆಕೋರು ಇಲ್ಲದಿದ್ರೆ ಅದು ನನ್ನ ತಪ್ಪಾ?"

"ನಿನ್ನ ತಪ್ಪು ಅಂತ ನಾನು ಹೇಳಿದ್ನಾ?"

ಯಾರದೂ ತಪ್ಪಿಲ್ಲ. ಅದೇ ಮಾರಕ್ಕನಿಗೆ ತಡೆಯಲಾಗದ್ದು. ಒಬ್ಬನ ಜುಟ್ಟು ಹಿಡಿದು ಜಗಳವಾಡೋಣವೆಂದರೆ ಅಲ್ಲಿ ಜುಟ್ಟು ಯಾರದೂ ಸಿಗುತ್ತಿರಲಿಲ್ಲ. ಹನುಮಯ್ಯ ಒಳ್ಳೆಯವನು, ಕೃಷ್ಣಸ್ವಾಮಿ ಕೆಟ್ಟವರಲ್ಲ, ಮಲ್ಲೇಶ್ವರಕ್ಕೆ ಹೋದವರು ದೇವರ ಕೆಲಸಕ್ಕೇ ಹೋಗಿದ್ದಾರೆ. ಆದರೂ ಗಾಡಿ ಬಿಸಿಲಲ್ಲೇ ನಿಂತಿತ್ತು, ಎತ್ತುಗಳು ಜೊಲ್ಲು ಸುರಿಸುತ್ತಿದ್ದವು.

ಅವಳು ಎತ್ತುಗಳಿಗೆ ನೀರು ತರಲು ಬಕೆಟ್ಟು ಹಿಡಿದು ಗೇಟಿನೊಳಗಿನ ನಲ್ಲಿಗೆ ಹೋದಳು. ನಲ್ಲಿಯಲ್ಲಿ ನೀರು ದಾರದಂತೆ ಬರುತ್ತಿತ್ತು. ಬಕೆಟ್ಟು ತುಂಬುವ ಮೊದಲೇ ಪಾಳಿ ಮುಗಿದ ಸೈರನ್ ಕೂಗಿತು. ನೀಲಿ ಬಟ್ಟೆಯವರೆಲ್ಲ ಸೈಕಲ್ಲು ತಳ್ಳಿಕೊಂಡು ಗೇಟಿನ ಹೊರಗೆ ಬಂದರು. ನಾಳೆ ಮನೆಯ ಬಾಗಿಲಿಗೆ, ಸೈಕಲ್ಲಿಗೆ ಅವರಿಗೂ ಕಾಯಿ ಬೇಕು. ಹೊಂಗೆಮರದ ಬುಡದಲ್ಲಿದ್ದ ಹನ್ನೆರಡು ಕಾಯಿಗಳ ಸುತ್ತ ಜನ ಸೇರಿದರು. ಚಿನ್ನಪ್ಪ ಅವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾರಿದ. ಆಮೇಲೂ ಕೈ ಚಾಚಿದವರಿಗೆ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅವನ ಕೈ ಗಾಡಿಗೆ ಹೋಯಿತು.

ಮಾರಕ್ಕ ಬಕೆಟ್ಟು ಹೊತ್ತು ಬರುವ ಹೊತ್ತಿಗೆ ಒಬ್ಬ ಆಗಲೇ ಕಾಯಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ದೂರ ಹೋಗಿದ್ದ.

"ಗಾಡೀದು ಯಾಕೋ ಕೊಟ್ಟೆ?"

"ಅವ್ರು ತಾನೇ ಬ್ಯಾಡ ಅಂದಿದ್ದು ಅತ್ಗೆ! ಬ್ಯಾಡ ಅಂದೋರಿಗೆ ಕಾಯ್ಕೊಂಡು ಕುಂತ್ಕೋಬೇಕಾ? ಬೇಕು ಅಂದೋರಿಗೆ ಕೊಟ್ಟೆ."

"ಎಷ್ಟು ಕೊಟ್ಟೆ?"

"ಎಣಿಸಿಲ್ಲ."

ಅವಳು ಬಕೆಟ್ಟನ್ನು ಎತ್ತುಗಳ ಮುಂದೆ ಕುಕ್ಕಿದ ರಭಸಕ್ಕೆ ಅರ್ಧ ನೀರು ಚೆಲ್ಲಿಹೋಯಿತು. ಅಷ್ಟರಲ್ಲಿ, ನಾಲ್ಕಕ್ಕೆ ಇನ್ನು ಹತ್ತು ನಿಮಿಷವಿರುವಾಗ, ಜೀಪು ಬಂತು. ಹಾರದ ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಬಂದಿದ್ದ ಸೆಕ್ಯುರಿಟಿ ಆಫೀಸರು ಜೀಪಿನಿಂದ ಇಳಿಯದೆಯೇ ಹಳೆಯ ಚೀಟಿಗೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ಹನುಮಯ್ಯ ಮತ್ತೆ ಗಾಡಿ ಸುತ್ತಿದ.

"ಇನ್ನೂರ ಮೂವತ್ತೈದು."

ಮಾರಕ್ಕ ಕಣ್ಣು ಮುಚ್ಚಿಕೊಂಡಳು. ಹೆಚ್ಚಾಗಿದ್ದಕ್ಕೇ ಇಷ್ಟು ರಾಮಾಯಣ, ಇನ್ನು ಐದು ಕಡಿಮೆ ಎಂದರೆ ಮುಗಿಯಿತು. ಅಷ್ಟನ್ನೂ ಮೋರಿಗೆ ಸುರಿಯುವುದೊಂದೇ ದಾರಿ ಎಂದುಕೊಂಡಳು. ಕೃಷ್ಣಸ್ವಾಮಿ ಹೊಸ ಚೀಟಿ ನೋಡಿ, ಜೇಬಿನಿಂದ ಪೆನ್ನು ತೆಗೆದು, ಏನೋ ಬರೆದು, "ಹೂಂ, ಒಳಗೆ ತನ್ನಿ" ಎಂದರು.

"ಐದು ಕಮ್ಮಿ ಐತೆ ಸಾಮಿ."

"ಗೊತ್ತು. ಬರ್ಕೊಂಡಿದೀನಿ. ಬಂದಷ್ಟಕ್ಕೆ ದುಡ್ಡು ಬರುತ್ತೆ."

"ಕಮ್ಮಿ ಆದ್ರೆ ತಗೋಬೋದಾ?"

"ತಗೋಬಹುದು."

ಮಾರಕ್ಕ ಅವರನ್ನೇ ದಿಟ್ಟಿಸಿ ನೋಡಿದಳು. "ಎಚ್ಚಿಗೆ ಕೊಟ್ರೆ ತಪ್ಪು, ಕಮ್ಮಿ ಕೊಟ್ರೆ ಸರಿ. ಅಂಗಾ ಸಾಮಿ ನಿಮ್ಮ ಕಾನೂನು?"

ಕೃಷ್ಣಸ್ವಾಮಿಗೂ ಸಾಕಾಗಿಹೋಗಿತ್ತು. "ಸರಿ ಅಂತಲ್ಲಮ್ಮ. ಕಮ್ಮಿ ಬಂದರೆ ಬರೆಯೋದಕ್ಕೆ ಕಾಲಂ ಇದೆ. ಜಾಸ್ತಿ ಬಂದರೆ ಬರೆಯೋದಕ್ಕೆ ಜಾಗ ಇಲ್ಲ. ನಾನೇನು ಮಾಡಲಿ?"

"ಬೆಳಿಗ್ಗೆ ಐದು ತಂದ್ಕೊಡ್ತೀನಿ."

"ಬೇಡ. ನಾಳೆ ತಗೊಳ್ಳೋರು ಯಾರೂ ಇರಲ್ಲ. ಆರ್ಡರು ಇವತ್ತಿಗೇ ಮುಗೀತು."

ಸ್ಟೋರ್ಸಿನಲ್ಲಿ ಕೈಗಾಡಿಗಳಿದ್ದವು, ಆದರೆ ಅವು ಒಳಗಿನ ಮಾಲಿಗೆ, ಹೊರಗಿನವರಿಗೆ ಕೊಡುವುದಿಲ್ಲ ಎಂದರು. ಮಾರಕ್ಕ, ಚಿನ್ನಪ್ಪ ಇಬ್ಬರೂ ಗೋಣಿಚೀಲದಲ್ಲಿ ತುಂಬಿ ತುಂಬಿ ಆ ಎರಡು ಶೆಡ್ಡುಗಳ ಆಚೆಗೆ ಹೊತ್ತರು. ಕಾಯಿಯ ಮೈಮೇಲಿನ ಬೂದಿ ಬೆವರಿಗೆ ಅಂಟಿ ಅವಳ ಕತ್ತು, ತೋಳೆಲ್ಲ ಬೆಳ್ಳಗಾಯಿತು. ಅದರ ಸಣ್ಣ ಮುಳ್ಳಿನಂಥ ಸುಂಕಿಗೆ ಮೈ ತುರಿಸತೊಡಗಿತು. ಶೆಡ್ಡಿನ ಒಳಗೆ ಮೆಷಿನ್ನುಗಳನ್ನು ತೊಳೆದು ಒರೆಸುತ್ತಿದ್ದರು. ಬಣ್ಣದ ಕಾಗದ ಅಂಟಿಸುತ್ತಿದ್ದರು. ಇವಳನ್ನು ನೋಡಿ ಒಬ್ಬ "ಬೇಗ ಅಕ್ಕಾ, ಕತ್ತಲಾಗುತ್ತೆ" ಎಂದ. ಇನ್ನೊಂದು ಮಾತಾಡಿದ್ದರೆ ಚೀಲವನ್ನು ಅವನ ಕಾಲ ಮೇಲೆ ಹಾಕಿಬಿಡುತ್ತಿದ್ದಳೋ ಏನೋ. ಕೆಲಸ ಮುಗಿಸಿ ಹೊರಟ ಹನುಮಯ್ಯ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ತಾನೂ ಒಂದು ಚೀಲ ಹೊತ್ತ.

ಹಬ್ಬ ಕಳೆದು ಮತ್ತೆ ಕ್ವಾರ್ಟರ್ಸಿಗೆ ಬುಟ್ಟಿ ಹೊತ್ತು ಹೋದಾಗ ವತ್ಸಲಮ್ಮ ಬಾಗಿಲಲ್ಲೇ ಹೇಳಿದಳು. "ಏನು ಮಾಡಿದೆಯೇ ಮಾರಕ್ಕ? ಐದು ಮೆಷಿನ್ನಿಗೆ ಕಾಯಿ ಇಲ್ಲ ಅಂತ ಅಲ್ಲಿ ಕೆಲಸ ಮಾಡೋರೆಲ್ಲ ನಮ್ಮೋರನ್ನ ಸುತ್ಕೊಂಡುಬಿಟ್ರಂತೆ. ಮಂಗಳಾರತಿ ನಿಲ್ಲಿಸಿದ್ರಂತೆ. ಇವರು ಪೇಟೆಗೆ ಸ್ಕೂಟರಲ್ಲಿ ಹೋಗಿ, ಕಾಲ ಹತ್ರ ಒಂದು, ಹಿಂದೆ ಚೀಲದಲ್ಲಿ ನಾಲ್ಕು ಇಟ್ಕೊಂಡು ಬಂದ್ರು. ಊಟಾನೂ ಮಾಡಲಿಲ್ಲ."

"ನಾನು ಹನ್ನೆರಡು ಎಚ್ಚಿಗೆ ತಂದಿದ್ದೆ ಕಣಮ್ಮ."

"ಅದು ನನಗೆ ಗೊತ್ತಿಲ್ಲಪ್ಪ. ಐದು ಕಮ್ಮಿ ಕೊಟ್ಟಳು ಅಂತ ಇವರು ಅಂದ್ರು."

ಮಾರಕ್ಕ ಬದನೆಕಾಯಿ ತೂಗಿ ಸುರಿದಳು. ವತ್ಸಲಮ್ಮ ಮೊರ ಚಾಚಿಕೊಂಡೇ ನಿಂತಿದ್ದಳು. ಮಾರಕ್ಕನ ಕೈ ಬುಟ್ಟಿಯೊಳಗೇ ಒಂದು ಗಳಿಗೆ ನಿಂತಿತು. ಆಮೇಲೆ ಒಂದು ಸಣ್ಣ ಬದನೆಯನ್ನು ಮೊರಕ್ಕೆ ಹಾಕಿ, ಮುಂಚಿನಂತೆ ಮಾತಿಗೆ ಕೂರದೆ ಎದ್ದು ಹೋದಳು.

ಆದರೂ ಮುಂದಿನ ವರ್ಷ ಆರ್ಡರು ಅವಳಿಗೇ ಬಂತು. ಅದರ ಮುಂದಿನ ವರ್ಷಗಳಲ್ಲೂ ಬಂತು. ಕಾಯಿ ಚೆನ್ನಾಗಿತ್ತಲ್ಲ, ಅದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಈಗ ಮಾರಕ್ಕ ಎಣಿಸಿ, ಗಂಡ ಎಣಿಸಿ, ಚಿನ್ನಪ್ಪ ಇನ್ನೊಮ್ಮೆ ಎಣಿಸಿದ ಮೇಲೆಯೇ ಗಾಡಿ ಹೊರಡುವುದು. ದಾರಿಯಲ್ಲಿ ಒಡೆದರೆ ಇರಲಿ ಎಂದು ತೆಗೆದುಕೊಂಡ ನಾಲ್ಕಾರು ಕಾಯಿಗಳನ್ನು ಗೇಟಿಗೆ ಬರುವ ಮೊದಲೇ ರಸ್ತೆಬದಿಯ ಟೀ ಅಂಗಡಿಯಲ್ಲಿಳಿಸಿ, ಕಳ್ಳಮಾಲು ಬಚ್ಚಿಟ್ಟವಳಂತೆ ಹಿಂದೆ ಮುಂದೆ ನೋಡಿಕೊಂಡು ಬರುವಳು. ಹೊತ್ತಿಗೆ ಮೊದಲೇ ಬಂದು, ಸಹಿ ಹಾಕುವವರು ಇದ್ದಾರೋ ಎಂದು ಕೇಳಿಕೊಂಡೇ ಎತ್ತು ಬಿಚ್ಚುವಳು. ಒಂದೂ ತಪ್ಪಾಗಲಿಲ್ಲ. ಯಾರೂ ಚೆನ್ನಾಗಿ ಮಾಡಿದೆ ಎಂದು ಹೇಳಲೂ ಇಲ್ಲ. ಹೀಗೆ ಎಣಿಸಿ ಎಣಿಸಿ ಅವಳಿಗೆ ಅದೇ ಚಾಳಿಯಾಯಿತು. ರಾತ್ರಿ ಮುದ್ದೆ ಬಡಿಸುವಾಗಲೂ ತಾನು ಎಣಿಸುತ್ತಿರುವುದು ಅರಿವಿಗೆ ಬಂದು ಅವಳಿಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗಂಡ ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಕೃಷ್ಣಸ್ವಾಮಿಗೆ ವರ್ಗವಾಗಿ, ವತ್ಸಲಮ್ಮ ಮನೆ ಖಾಲಿ ಮಾಡಿಕೊಂಡು ಹೋದ ವರ್ಷ ಆರ್ಡರು ಬರಲಿಲ್ಲ. ತಡವಾಗಿರಬಹುದು ಎಂದು ಮಾರಕ್ಕ ಬಳ್ಳಿ ಹಬ್ಬಿಸಿದ್ದಳು. ಕಾಯಿ ಬಲಿತು ಬೂದಿ ತುಂಬಿದ ಮೇಲೆ ಹೋಗಿ ಹನುಮಯ್ಯನನ್ನು ಕೇಳಿದಳು.

"ಅತ್ತಿಬೆಲೆ ಕಡೆಯೋನು ಯಾವನೋ ಲಾರಿ ಇಟ್ಟವ್ನಂತೆ. ಹೂವು, ಬಾಳೆಕಂದು, ಕಾಯಿ, ಎಲ್ಲಾ ಅವನೊಬ್ನಿಗೇ ಕೊಟ್ಟವ್ರೆ. ನಿಂಗೆ ಯೋಳಿಲ್ವಾ?"

"ಯಾರು ಯೋಳ್ತಾರೆ?"

"ಅದೂ ನಿಜ."

"ಹೊತ್ತಿಗೆ ತರಬೇಕು, ಲೆಕ್ಕಕ್ಕೆ ತರಬೇಕು, ಎಲ್ಲಾ ನಾನೇ ಮಾಡಬೇಕು. ಬ್ಯಾಡ ಅಂತ ಒಂದು ಮಾತು ಯೋಳಾದು ಅವ್ರ ಕೆಲಸ ಅಲ್ವಾ ಅಣ್ಣ?"

ಹನುಮಯ್ಯ ಬೀಡಿ ಹಚ್ಚಿ ಅವಳಿಗೆ ಟೀ ತರಿಸಿದ. ಅವಳು ಕುಡಿಯದೆ ಹೊರಟಳು.

ಹಬ್ಬದ ಹಿಂದಿನ ದಿನ ಅವಳು ಚಿನ್ನಪ್ಪನ ಗಾಡಿಯನ್ನು ಪೀಣ್ಯದ ಸಣ್ಣ ಶೆಡ್ಡುಗಳ ಬೀದಿಗೆ ಹೊಡೆಸಿದಳು. ಒಂದು ಲೇತು, ಎರಡು ಡ್ರಿಲ್ಲು ಇಟ್ಟುಕೊಂಡು, ಷಟರ್ ಎತ್ತಿದರೆ ಎಣ್ಣೆವಾಸನೆ ಬರುವಂಥ ಶೆಡ್ಡುಗಳು. ಅಲ್ಲಿ ಗೇಟಿಲ್ಲ, ಚೀಟಿಯಿಲ್ಲ. ಒಬ್ಬ ಲೇತಿನವನು ಬಂದು ಕಾಯಿಯನ್ನು ಕೈಯಲ್ಲಿ ತೂಗಿ ನೋಡಿ, ಬೆರಳಿನಿಂದ ತಟ್ಟಿ ನೋಡಿ, ಮೂಗು ಮುರಿದ.

"ಸಣ್ಣದಾಯ್ತು ಕಣಕ್ಕ. ಹೋಗಲಿ, ಕೊಸರಿಗೆ ಎರಡು ನಿಂಬೆಹಣ್ಣು ಹಾಕು."

"ನಿಂಬೆಹಣ್ಣು ಇಲ್ಲ. ಬೇಕಾದ್ರೆ ತಗೋ, ಇಲ್ದಿದ್ರೆ ದಾರಿ ಬಿಡು."

ಅವನು ಬೆಚ್ಚಿಬಿದ್ದು ನೋಡಿದ. ಇಷ್ಟಕ್ಕೆಲ್ಲಾ ಇಷ್ಟು ಸಿಟ್ಟು ಯಾಕೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಎರಡು ಕಾಯಿ ಆರಿಸಿಕೊಂಡು ದುಡ್ಡು ಕೊಟ್ಟು ಹೋದ. ಹೊತ್ತು ಇಳಿಯುವ ಮೊದಲೇ ಗಾಡಿ ಮುಕ್ಕಾಲು ಖಾಲಿಯಾಯಿತು. ವ್ಯಾಪಾರ ಚೆನ್ನಾಯ್ತಲ್ಲ ಅತ್ಗೆ ಎಂದು ಚಿನ್ನಪ್ಪ ಹುರುಪಿನಿಂದ ಕೂಗಿದ. ಮಾರಕ್ಕ ಗಾಡಿಯ ಮೂಕಿಮರದ ಮೇಲೆ ಕೂತು, ಸೆರಗಿನಿಂದ ಕತ್ತಿನ ಬೂದಿ ಒರೆಸಿಕೊಳ್ಳುತ್ತಾ, ಮುಂದಿನ ಷಟರಿನ ಕಡೆ ಗಾಡಿ ಹೊಡೆ ಎಂದು ಕೈ ಮಾಡಿದಳು.